ಬ್ರೆಜಿಲ್ ಪಜಲ್ ಪೆಟ್ಟಿಗೆ: ಎರಡು ಮಳೆಗಾಲ ಕಳೆದ ಮೇಲೆ

ಈ ಪೆಟ್ಟಿಗೆ ಕೊಂಡು ಎರಡು ವರ್ಷ ಆಗುತ್ತಾ ಬಂತು. 1,800 ರೂಪಾಯಿ. ಆಟದ ಸಾಮಾನಿಗೆ ನಮ್ಮ ಮನೆಯ ಲೆಕ್ಕದಲ್ಲಿ ಅದು ಜಾಸ್ತಿಯೇ. ಮಗಳು ಆಗ ಎರಡನೇ ಕ್ಲಾಸು. ರಾಜ್ಯಕ್ಕೊಂದು ತುಂಡಿನಂತೆ ಜೋಡಿಸುವ ಬ್ರೆಜಿಲ್ ಭೂಪಟ, ಜೊತೆಗೆ ಚಿತ್ರದ ಕಾರ್ಡುಗಳು. ಉಳಿದದ್ದು ಡಬ್ಬದ ಮೇಲೆಯೇ ಬರೆದಿದೆ, ನಾನು ಮತ್ತೆ ಬರೆಯುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಅದರ ಗತಿ ಏನು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಮೊದಲು ಸಿಟ್ಟಿನ ವಿಷಯ. ತುಂಡುಗಳೆಲ್ಲ ದಪ್ಪ ರಟ್ಟಿನವು. ಜೂನ್ ಮಧ್ಯಕ್ಕೆ ಥಂಡಿ ಹೀರಿ ಉಬ್ಬಿದವು. ಅಮೆಜೋನಾಸ್, ಪಾರಾ ಆ ದೇಶದ ಅತಿ ದೊಡ್ಡ ಎರಡು ರಾಜ್ಯಗಳು. ಅವೆರಡೂ ಒಂದರ ಪಕ್ಕ ಒಂದು ಕೂರಲೇ ಇಲ್ಲ. ಒತ್ತಿದರೆ ಅಂಚು ಬಿರಿಯಿತು. ಜುಲೈಯಲ್ಲಿ ಕಾಡಿನ ಹಸಿರು ಬಣ್ಣದ ಮೇಲೆಲ್ಲ ಬಿಳಿ ಬೂಷ್ಟು. ಮಳೆ ಸುರಿಯುವ ಊರಿನ ಮಕ್ಕಳೂ ಇದನ್ನು ಆಡುತ್ತಾರೆ ಅಂತ ಮಾಡಿದವರು ಒಮ್ಮೆ ಯೋಚಿಸಬೇಕಿತ್ತು. ಬಿಸಿಲು ಕಂಡ ದಿನ ನಮ್ಮತ್ತೆ ಹಪ್ಪಳದ ಜೊತೆ ತಡ್ಪೆಯಲ್ಲಿ ಬ್ರೆಜಿಲನ್ನೂ ಒಣಗಿಸುತ್ತಿದ್ದರು.

ಇನ್ನೊಂದು, ರಾಜಧಾನಿ ಬ್ರೆಸಿಲಿಯಾ ಇರುವ ತುಂಡು. 26 ರಾಜ್ಯ, ಜೊತೆಗೆ ಈ ರಾಜಧಾನಿ ಜಿಲ್ಲೆ, ಒಟ್ಟು 27 ತುಂಡು. ಇದು ಹುಣಸೆಬೀಜದಷ್ಟು ಚಿಕ್ಕದು. ಮೂರನೇ ತಿಂಗಳಲ್ಲೇ ಕಳೆದುಹೋಯಿತು. ಕಂಪನಿಗೆ ಬರೆದೆ. ಬಿಡಿ ತುಂಡು ಕೊಡುವುದಿಲ್ಲ, ಹೊಸ ಸೆಟ್ ಕೊಳ್ಳಿ ಎಂದರು. ಮಗಳು ಹಿತ್ತಲಿನಿಂದ ಹುಣಸೆಬೀಜ ತಂದು ಆ ಜಾಗದಲ್ಲಿ ಇಟ್ಟಳು. ಸರಿಯಾಗಿ ಕೂತಿತು. ಅಮೆಜೋನಾಸ್ ಒಂದರಲ್ಲೇ ಎಂಟು ಕರ್ನಾಟಕ ಹಿಡಿಯುತ್ತದೆ ಅಂತ ಹೇಳಿದಾಗ ಅವಳು ಆ ಬೀಜವನ್ನೂ ಅಮೆಜೋನಾಸನ್ನೂ ಎರಡು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದಳು.

ಜೋಡಿಸುವ ಕ್ರಮ ಅವಳದ್ದೇ. ಸಂಜೆ ಚಾ ಆದ ಮೇಲೆ ಚಾಪೆ ಹಾಸಬೇಕು. ಮೊದಲು ಕಡಲ ಬದಿ. ತೆಂಕಿನ ರಿಯೋ ಗ್ರಾಂಡೆ ದೊ ಸುಲ್‌ನಿಂದ ಹೊರಟು ಬಡಗಿನ ಅಮಾಪಾ ತನಕ ಬಂದು, ಆಮೇಲೆ ಒಳನಾಡು. ಹುಣಸೆಬೀಜ ಕೊನೆಗೆ. ಹೆಸರುಗಳು ಬರೀ ಇಂಗ್ಲಿಷಿನಲ್ಲಿದ್ದವು. ನಾನು ಪ್ರತಿ ತುಂಡಿನ ಹಿಂದೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದೆ. ಅತ್ತೆಯೂ ಆಟಕ್ಕೆ ಕೂತದ್ದು ಆಮೇಲೆಯೇ.

ಚಿತ್ರದ ಕಾರ್ಡುಗಳಲ್ಲಿ ಕಾರ್ನಿವಲ್, ಫುಟ್‌ಬಾಲ್ ಸ್ವಲ್ಪ ಜಾಸ್ತಿಯೇ ಆಯಿತು. ಅಲ್ಲಿನ ಮೂಲನಿವಾಸಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ಸಮುದಾಯಗಳಿವೆ. ಅಷ್ಟೂ ಜನರಿಗೆ ಗರಿ ಮುಡಿದ ಒಂದೇ ಮುಖ, ಒಂದೇ ಕಾರ್ಡು. ಇದು ನನಗೆ ಬೇಸರ. ಜೂನ್ ಹಬ್ಬದ ಕಾರ್ಡು ಮಾತ್ರ ಚೆನ್ನಾಗಿದೆ. ಬಯಲಲ್ಲಿ ಬೆಂಕಿ ಹಾಕಿ ಜೋಳದ ತಿಂಡಿ ತಿನ್ನುವ ಚಿತ್ರ. "ಜೂನಲ್ಲಿ ಹೊರಗೆ ಬೆಂಕಿಯಾ? ಮಳೆ ಬರಲ್ವಾ?" ಎಂದು ಮಗಳು ಕೇಳಿದಳು. ಭೂಮಧ್ಯರೇಖೆಯ ತೆಂಕಕ್ಕೆ ಜೂನ್ ಎಂದರೆ ಚಳಿಗಾಲ ಅಂತ ಹೇಳಲು ಅಷ್ಟು ಸಾಕಾಯಿತು.

ಆದರೆ ನಮ್ಮ ಮನೆಯಲ್ಲಿ ಎಲ್ಲವನ್ನೂ ಬದಲಿಸಿದ್ದು ಗೇರುಹಣ್ಣಿನ ಕಾರ್ಡು.

ಹಳದಿ ಹಣ್ಣು, ಕೆಳಗೆ ನೇತಾಡುವ ಬೀಜ. "ಇದು ನಮ್ಮ ಗುಡ್ಡೆಯದ್ದಲ್ವಾ?" ಎಂದು ಅತ್ತೆ ಕೇಳಿದರು. ಅವರ ತವರು ಮೂಡುಬಿದಿರೆಯ ಕಡೆ, ಮನೆಯ ಹಿಂದೆಯೇ ಗೇರುಗುಡ್ಡೆ. ಗೇರಿನ ಮೂಲ ಬ್ರೆಜಿಲ್, 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು, ಕಾಜು ಎಂಬ ಮಾತೂ ಅಲ್ಲಿನ ಟೂಪಿ ಜನರ ಭಾಷೆಯಿಂದ ಪೋರ್ಚುಗೀಸಿನ ಮೂಲಕ ಬಂತು ಅಂತ ಓದಿ ಹೇಳಿದೆ. ಅವರು ನಂಬಲಿಲ್ಲ. 1500ರಲ್ಲಿ ಬ್ರೆಜಿಲ್ ದಡ ಮುಟ್ಟಿದ ಪೋರ್ಚುಗೀಸ್ ನಾವಿಕ ಕಬ್ರಾಲ್ ಅದೇ ಪ್ರಯಾಣದಲ್ಲಿ ಕಲ್ಲಿಕೋಟೆಗೂ ಬಂದಿದ್ದ. ಗೋಡೆಯ ಭೂಪಟದಲ್ಲಿ ಆ ದಾರಿಯನ್ನು ಮಗಳು ಬೆರಳಿನಿಂದ ತೋರಿಸಿದಳು, ಆಫ್ರಿಕಾ ಸುತ್ತಿಕೊಂಡು. ಆಮೇಲೆ ಕೇಳಿದಳು: "ಅಜ್ಜಿ, ಗೇರು ಬರುವ ಮೊದಲು ಗುಡ್ಡೆಯಲ್ಲಿ ಏನಿತ್ತು?" ಅತ್ತೆಗೆ ಉತ್ತರ ಹೊಳೆಯಲಿಲ್ಲ. ಅದರ ಬದಲು ಬೀಜ ಸುಟ್ಟ ಕಥೆ ಬಂತು. ಸೊನೆ ತಾಗಿ ತುಟಿ ಸುಟ್ಟದ್ದು, ಮಸಿ ಕೈಯಲ್ಲೇ ಶಾಲೆಗೆ ಹೋದದ್ದು. ಇಷ್ಟು ವರ್ಷ ನಾನು ಕೇಳಿರದ ಕಥೆಗಳು.

ಬ್ರೆಜಿಲ್‌ನಲ್ಲಿ ಹಣ್ಣಿನ ರಸ ಕುಡಿಯುತ್ತಾರೆ ಅಂತ ಕಾರ್ಡಿನ ಹಿಂದೆ ಇತ್ತು. ನಾವು ಬೀಜ ತಿರುಚಿ ತೆಗೆದು ಹಣ್ಣು ಎಸೆಯುವವರು. ಕಳೆದ ಏಪ್ರಿಲ್‌ನಲ್ಲಿ ಅಜ್ಜಿ, ಮೊಮ್ಮಗಳು ಸೇರಿ ಒಂದು ಬುಟ್ಟಿ ಹಣ್ಣು ತಂದರು. ಹೋಳು ಮಾಡಿ ಉಪ್ಪುನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಬೆಲ್ಲ ಹಾಕಿದರು. ಗಂಟಲಲ್ಲಿ ಸ್ವಲ್ಪ ಒಗರು ಉಳಿಯಿತು. ಮಗಳು ಎರಡು ಲೋಟ ಕುಡಿದಳು.

1,800 ರೂಪಾಯಿಯ ಸಿಟ್ಟು ಆ ದಿನ ಅರ್ಧ ಇಳಿಯಿತು. ರಟ್ಟಿನ ಬಗ್ಗೆ ಉಳಿದರ್ಧ ಹಾಗೇ ಇದೆ, ಅದಕ್ಕೇ ಐದರಲ್ಲಿ ಮೂರೂವರೆ ಅಂಕ. ಕೊಳ್ಳುವುದಾದರೆ ನವೆಂಬರ್‌ನಲ್ಲಿ ಕೊಳ್ಳಿ. ಬಂದ ದಿನವೇ ತುಂಡುಗಳ ಎರಡೂ ಬದಿಗೆ ವಾರ್ನಿಶ್ ಹಚ್ಚಿ, ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬದಲ್ಲಿಡಿ. ಜೊತೆಗೆ ನಾಲ್ಕು ಹುಣಸೆಬೀಜವೂ ಇರಲಿ.