ಫ್ರಿಜ್ ಕಂಪ್ರೆಸರಿನ ಸ್ಪ್ರಿಂಗ್ ಗೈಡ್ ಬದಲಾಯಿಸಿ ಕೊಡುತ್ತೇನೆ ಅಂದರೆ ನಂಬಬೇಡಿ

ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆಯವರು ದಯವಿಟ್ಟು ಓದಿ. ಮನೆಯಲ್ಲಿ ಲೀನಿಯರ್ ಕಂಪ್ರೆಸರಿನ ಫ್ರಿಜ್ (ಗ್ಯಾಸ್ ಒತ್ತುವ ಪಿಸ್ಟನ್ ನೇರವಾಗಿ ಹಿಂದೆ ಮುಂದೆ ಹೋಗುವ ನಮೂನೆಯದ್ದು) ಇದ್ದರೆ ಖಂಡಿತ ಓದಿ. ನನ್ನಿಂದ 6,500 ರೂಪಾಯಿ ಕಿತ್ತಿದ್ದಾರೆ. ಹೇಳಲಿಕ್ಕೆ ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ಗೊತ್ತಲ್ವಾ. ಸಿಡಿಲಿನ ರಾತ್ರಿ ಕಳೆದ ಮೇಲೆ ಫ್ರಿಜ್ಜಿನೊಳಗೆ ಲೈಟ್ ಉರಿಯುತ್ತಿತ್ತು, ತಂಪು ಇಲ್ಲ. ಪೇಟೆಯ ರಿಪೇರಿ ಅಂಗಡಿಯವನನ್ನು ಕರೆಸಿದೆ. ಹಿಂದೆ ಕೈ ಇಟ್ಟು ನೋಡಿದ. "ಮಾಷ್ಟ್ರೇ, ಒಳಗೆ ಸ್ಪ್ರಿಂಗ್ ಗೈಡ್ ಸವೆದಿದೆ. ಪಿಸ್ಟನ್ ಓರೆಯಾಗಿ ಸಿಕ್ಕಿಕೊಂಡಿದೆ" ಅಂದ. ಗೈಡ್ ಅಂದರೆ ಕಂಪ್ರೆಸರಿನ ಒಳಗಿನ ಸ್ಪ್ರಿಂಗನ್ನು ಜಾಗದಲ್ಲಿ ಹಿಡಿಯುವ ಭಾಗ. ಪಿಕಪ್‌ನಲ್ಲಿ ಹಾಕಿಕೊಂಡು ಹೋದ. ವಾಪಸ್ ಬಂದಾಗ ಕಂಪ್ರೆಸರಿಗೆ ಕಪ್ಪು ಪೇಂಟ್, ಹೊಳೆಯುತ್ತಿತ್ತು. "ಹೊಸ ಗೈಡ್, ಹೊಸ ಸ್ಪ್ರಿಂಗ್, ಹೊಸ ಗ್ಯಾಸ್. ಕಂಪನಿಯದ್ದಕ್ಕಿಂತ ದಪ್ಪ ಸ್ಪ್ರಿಂಗ್ ಹಾಕಿದ್ದೇನೆ" ಅಂದ. ದುಡ್ಡು ಕೊಟ್ಟೆ. ಸ್ವಲ್ಪ ಸಮಯ ಓಡಿತು, ಮತ್ತೆ ನಿಂತಿತು.

ಈ ಸಲ ಕಂಪನಿಯ ಸರ್ವಿಸಿಗೆ ಫೋನ್ ಮಾಡಿದೆ. ಬಂದ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದ. "ಸ್ಪ್ರಿಂಗ್ ಬದಲಾಯಿಸಿದ್ದು ಇದರದ್ದಾ ಸರ್?" ಅಂತ ಕೇಳಿದ. ಹೌದು ಅಂದೆ. ಅವನು ಏನೂ ಹೇಳದೆ ಸ್ಕ್ರೂ ಡ್ರೈವರಿನ ತುದಿಯಿಂದ ಪೇಂಟ್ ಕೆರೆದ. ಅಡಿಯಲ್ಲಿ ಹಳೆಯ ತುಕ್ಕು. ಎರಡು ಉಕ್ಕಿನ ಬೋಗುಣಿ ಸೇರಿಸಿ ಸುತ್ತ ವೆಲ್ಡ್ ಮಾಡಿದ ಗೆರೆ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು. ಒಳಗಿನ ಸ್ಪ್ರಿಂಗ್ ಮುಟ್ಟಬೇಕಾದರೆ ಆ ಗೆರೆಯನ್ನು ಕತ್ತರಿಸಬೇಕು, ಆದರೆ ಗ್ರೈಂಡರಿನ ಒಂದು ಗೀರು ಕೂಡ ಇಲ್ಲ. ಗ್ಯಾಸ್ ತುಂಬಿಸುವ ಪೈಪಿನ ತುದಿಯನ್ನೂ ಮುಟ್ಟಿರಲಿಲ್ಲ. ಕಂಪ್ರೆಸರನ್ನು ಬಿಚ್ಚಿಯೇ ಇಲ್ಲ! ಸುಮ್ನೆ ಪೇಂಟ್ ಬಳಿದು ಕಳಿಸಿದ್ದು! ಮೈಯೆಲ್ಲ ಉರಿದು ಹೋಯಿತು.

ನಿಜವಾಗಿ ಕೆಟ್ಟದ್ದು ಕಂಪ್ರೆಸರ್ ಓಡಿಸುವ ಬೋರ್ಡು. ಅದರ ಮೇಲೆ ಹೊಸ ಬೆಸುಗೆಯ ಗುರುತು ಇತ್ತು. ಅಂಗಡಿಯವನು ಮಾಡಿದ ಕೆಲಸ ಅಷ್ಟೇ, ಅದೂ ಬಾಳಲಿಲ್ಲ.

ಆ ಸರ್ವಿಸಿನ ಹುಡುಗನೇ ವಿವರಿಸಿದ. ಲೀನಿಯರ್ ಕಂಪ್ರೆಸರಿನಲ್ಲಿ ಕ್ರ್ಯಾಂಕ್ (ಮೋಟಾರಿನ ತಿರುಗಾಟದಿಂದ ಪಿಸ್ಟನ್ ಓಡಿಸುವ ಭಾಗ) ಇಲ್ಲ. ಕಾಯಿಲ್ ಮತ್ತು ಅಯಸ್ಕಾಂತದ ಬಲದಿಂದ ಪಿಸ್ಟನ್ ನೇರವಾಗಿ ಹಿಂದೆ ಮುಂದೆ ಹೋಗುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಅದರ ಜೊತೆ ಸ್ಪ್ರಿಂಗುಗಳು ಕುಗ್ಗಿ ಹಿಗ್ಗುತ್ತವೆ. ಸ್ಪ್ರಿಂಗ್ ವಾಲದ ಹಾಗೆ ಅದರ ತುದಿಯನ್ನು ಜಾಗದಲ್ಲಿ ಹಿಡಿಯುವುದೇ ಗೈಡ್. ಪಿಸ್ಟನ್ನಿನ ತೂಕ, ಸ್ಪ್ರಿಂಗಿನ ಬಿಗಿ, ಬೋರ್ಡ್ ಕೊಡುವ ಕರೆಂಟ್ ದಿಕ್ಕು ಬದಲಾಯಿಸುವ ವೇಗ ಮೂರೂ ಒಂದಕ್ಕೊಂದು ಹೊಂದಬೇಕು, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಕಂಪನಿಯದ್ದಕ್ಕಿಂತ ದಪ್ಪ ಸ್ಪ್ರಿಂಗ್ ಹಾಕಿದರೆ ಆ ಲೆಕ್ಕವೇ ತಪ್ಪುತ್ತದೆ. ಅಂದರೆ ಅಂಗಡಿಯವನು ಜಂಬ ಕೊಚ್ಚಿಕೊಂಡ ಮಾತೇ ಹಸಿ ಸುಳ್ಳು.

ಅಂಗಡಿಗೆ ಹೋಗಿ ಕೇಳಿದೆ. "ಕಟ್ ಮಾಡದೆ ಬದಲಾಯಿಸುವ ಟೂಲ್ ಉಂಟು ನಮ್ಮಲ್ಲಿ" ಅಂದ. ತೋರಿಸು ಅಂದರೆ "ಮಂಗಳೂರಿನಲ್ಲಿ ಉಂಟು." ಹಳೇ ಗೈಡ್ ಕೊಡು ಅಂದರೆ "ಗುಜರಿಯವನು ಕೊಂಡುಹೋದ." ಕೊನೆಗೆ ನಾಲ್ಕು ಜನರ ಎದುರು ಅಂದ: "ಮಾಷ್ಟ್ರೇ, ನೀವು ಮಕ್ಕಳಿಗೆ ಪಾಠ ಮಾಡಿ. ನಮ್ಮ ಕೆಲಸ ನಮಗೆ ಕಲಿಸಲಿಕ್ಕೆ ಬರಬೇಡಿ." ದುಡ್ಡು ಹೋದದ್ದಕ್ಕಿಂತ ಈ ಮಾತು ಜಾಸ್ತಿ ಚುಚ್ಚಿತು. ಈಗ ವಾಟ್ಸಾಪಿನಲ್ಲಿ ನೀಲಿ ಟಿಕ್ ಬರುತ್ತದೆ, ಉತ್ತರ ಇಲ್ಲ.

ಸೀಲ್ ಆದ ಕಂಪ್ರೆಸರಿನ ಒಳಗಿನ ಸ್ಪ್ರಿಂಗ್, ಗೈಡ್ ಸಾಮಾನ್ಯವಾಗಿ ರಿಪೇರಿ ಅಂಗಡಿಯಲ್ಲಿ ಬದಲಾಯಿಸುವ ಸಾಮಾನಲ್ಲ. ಹಾಳಾದರೆ ಇಡೀ ಕಂಪ್ರೆಸರ್ ಬದಲಾಯಿಸುತ್ತಾರೆ. ಕಂಪ್ರೆಸರಿಗೆ 10 ವರ್ಷದ ವಾರಂಟಿ ಉಂಟಾ ಅಂತ ಮೊದಲು ಕಾರ್ಡ್ ನೋಡಿ, ನನ್ನದಕ್ಕೆ ಇನ್ನೂ ಇತ್ತು! ಫ್ರಿಜ್ಜನ್ನು ಮನೆಯಿಂದ ಕೊಂಡುಹೋಗಲು ಬಿಡಬೇಡಿ. ಬಿಲ್ಲಿನಲ್ಲಿ ಏನು ಬದಲಾಯಿಸಿದ್ದು ಅಂತ ಬರೆಸಿ, ನನ್ನ ಚೀಟಿಯಲ್ಲಿ ಬರೀ "ಫ್ರಿಜ್ ರಿಪೇರಿ" ಅಂತ ಉಂಟು.

"ಹೊಸ ಗೈಡ್ ಹಾಕಿದ್ದೇನೆ" ಅಂತ ಅವನೇ ಕಳಿಸಿದ ವಾಯ್ಸ್ ಮೆಸೇಜ್ ನನ್ನ ಹತ್ತಿರ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಕಾಸರಗೋಡಿನ ಗ್ರಾಹಕರ ಆಯೋಗಕ್ಕೂ ಕೊಡುತ್ತೇನೆ. ಹೀಗೆಯೇ ಸ್ಪ್ರಿಂಗ್ ಬದಲಾಯಿಸಿದ್ದೇವೆ ಅಂತ ದುಡ್ಡು ಕಿತ್ತುಕೊಂಡದ್ದು ಬೇರೆ ಯಾರಿಗಾದರೂ ಆಗಿದ್ದರೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗುವ.