ರ‍್ಯಾಮ್, ಯುಪಿಎಸ್, ಎಸ್‌ಎಂಪಿಎಸ್: ಪದೇ ಪದೇ ಬೀಳುತ್ತಿದ್ದ ಸರ್ವರ್‌ಗೆ ನಾನು ಕೊಂಡ ಮೂರು ಮದ್ದು

ಮೂರರಲ್ಲಿ ಗೆದ್ದದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಮಾರ್ಪಡಿಸಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬ. ನಾನು ಮಾಡಿದ ಖರ್ಚಿನಲ್ಲಿ ಅತಿ ಕಡಿಮೆ ಬಿದ್ದದ್ದೂ ಅದಕ್ಕೇ. ಆದರೆ ಕೊಂಡದ್ದು ಕೊನೆಗೆ, ಉಳಿದ ಎರಡಕ್ಕೆ ದುಡ್ಡು ಸುರಿದಾದ ಮೇಲೆ. ಆ ಹೊಟ್ಟೆಯುರಿ ಇನ್ನೂ ಪೂರ್ತಿ ಆರಿಲ್ಲ.

ಸರ್ವರ್ ಎಂದರೆ ದೊಡ್ಡದೇನಲ್ಲ. ಎಂಟು ವರ್ಷ ದುಡಿದ ಡೆಸ್ಕ್‌ಟಾಪ್, ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕ್, ಡೆಬಿಯನ್ ಎಂಬ ಲಿನಕ್ಸ್, ಮನೆಯವರ ಫೋಟೊಗಳು. ಹಗಲೆಲ್ಲ ಸಾಧುಪ್ರಾಣಿ. ವಾರದಲ್ಲಿ ಎರಡು ಮೂರು ರಾತ್ರಿ, ಬ್ಯಾಕಪ್ ನಡೆಯುವ ಹೊತ್ತಿನಲ್ಲಿ, ತಾನೇ ಸತ್ತು ತಾನೇ ಎದ್ದು ಕುಳಿತಿರುತ್ತಿತ್ತು. ಬೆಳಿಗ್ಗೆ ಲಾಗ್ ತೆರೆದರೆ ಕೊನೆಯ ಸಾಲು ಬ್ಯಾಕಪ್‌ನದು, ಅದರ ಕೆಳಗಿನ ಸಾಲು ಹೊಸ ಬೂಟ್‌ನದು. ನಡುವೆ ಒಂದು ನರಳಾಟವೂ ಇಲ್ಲ.

ಮೊದಲು ಕೊಂಡದ್ದು ರ‍್ಯಾಮ್. ಕಾರಣವಿಲ್ಲದೆ ಕಂಪ್ಯೂಟರ್ ಬಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡುವುದು ವಾಡಿಕೆ, ನಾನೂ ಪಟ್ಟೆ. ಹೊಸ ಜೋಡಿ ಹಾಕಿದ ಮೂರನೆಯ ರಾತ್ರಿಯೇ ಮತ್ತೆ ಬಿತ್ತು. ಆಮೇಲೆ ಬುದ್ಧಿ ಬಂದು ಹಳೆಯ ಜೋಡಿಯನ್ನು ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86+ ಮುಂದೆ ಒಂದಿಡೀ ರಾತ್ರಿ ಕೂರಿಸಿದೆ. ಒಂದು ತಪ್ಪೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಪರೀಕ್ಷೆಗೆ ಕಾಸು ಬೇಕಿರಲಿಲ್ಲ, ಒಂದು ಪೆನ್‌ಡ್ರೈವ್ ಸಾಕಿತ್ತು.

ದಾರಿ ತೋರಿಸಿದ್ದು ಡಿಸ್ಕ್. ಹಾರ್ಡ್ ಡಿಸ್ಕ್ ತನಗೆ ಎಷ್ಟು ಸಲ ಕರೆಂಟ್ ಬಂದಿದೆ ಎಂದು ತಾನೇ ಎಣಿಸಿಟ್ಟುಕೊಳ್ಳುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಪಟ್ಟಿಯ 12ನೆಯ ಅಂಶ, ಪವರ್ ಸೈಕಲ್ ಕೌಂಟ್. ಸುಮ್ಮನೆ ರೀಬೂಟ್ ಮಾಡಿ ನೋಡಿದೆ, 212 ಇದ್ದದ್ದು 212 ಆಗಿಯೇ ಇತ್ತು. ಮರುದಿನ ರಾತ್ರಿ ಸರ್ವರ್ ಬಿದ್ದಾಗ 213. ರ‍್ಯಾಮ್ ಕೆಟ್ಟರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮುಗ್ಗರಿಸಬಹುದು, ಡಿಸ್ಕಿಗೆ ಹೋಗುವ ಕರೆಂಟ್ ಕಡಿಯುವುದಿಲ್ಲ. ಇಲ್ಲಿ ನಿಜವಾಗಿಯೇ ಕಡಿದಿತ್ತು. ಈ ಒಂದು ಅಂಕಿಯನ್ನು ಮೊದಲೇ ನೋಡಿದ್ದರೆ ರ‍್ಯಾಮ್ ಅಂಗಡಿಯಲ್ಲೇ ಇರುತ್ತಿತ್ತು.

ಕರೆಂಟಿನ ತಕರಾರು ಎಂದ ಮೇಲೆ ಯುಪಿಎಸ್ ತಾನೇ? ಹಾಗೆಂದುಕೊಂಡೇ ಎರಡನೆಯ ಖರೀದಿ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ, ಲೈನ್ ಸರಿಯಿದ್ದಾಗ ಲೈನಿನಿಂದ, ಕೆಟ್ಟಾಗ ಬ್ಯಾಟರಿಯಿಂದ ಓಡಿಸುವ ಬಗೆ. ಅದರ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಸಿಕ್ಕಿಸದೆ ಒಂದು ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದು ನಾನು ಈ ಪ್ರಕರಣದಲ್ಲಿ ಮಾಡಿದ ಒಂದೇ ಒಂದು ಜಾಣತನ. ಸರ್ವರ್ ಸತ್ತರೂ ಲಾಗ್ ಬರೆಯುವವರು ಬದುಕಿರಬೇಕಲ್ಲ.

ನಾಲ್ಕು ರಾತ್ರಿ ನೆಮ್ಮದಿ. ಐದನೆಯ ರಾತ್ರಿ ಮತ್ತೆ ಬಿತ್ತು. ಬ್ಯಾಟರಿ ತುಂಬಿದೆ, ಲೋಡ್ ಕಾಲು ಭಾಗವೂ ಇಲ್ಲ, ಯುಪಿಎಸ್ ಮೇಲೆ ಹಸಿರು ದೀಪ ನಗುತ್ತಿದೆ, ಸರ್ವರ್ ಮಾತ್ರ ಆಗಲೇ ಎದ್ದು ಏನೂ ಆಗದವರಂತೆ ಫೋಟೊ ಹಂಚುತ್ತಿದೆ. ಯುಪಿಎಸ್ ಡಬ್ಬವೇ ಕೆಟ್ಟದ್ದು ಎಂದು ಹಿಂದಿರುಗಿಸಲು ರಟ್ಟಿನ ಪೆಟ್ಟಿಗೆ ಹುಡುಕಿದ್ದೂ ಆಯಿತು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಲಾಗ್ ನೋಡಿದೆ. 2:14ಕ್ಕೆ ಯುಪಿಎಸ್ ಬ್ಯಾಟರಿಗೆ ಹೋಗಿದೆ, ಆರು ಸೆಕೆಂಡಿನ ನಂತರ ಲೈನಿಗೆ ಮರಳಿದೆ. ಸರ್ವರ್ ಬಿದ್ದದ್ದೂ 2:14ಕ್ಕೇ. ಅಂದರೆ ಯುಪಿಎಸ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಗಳಿಗೆಯಲ್ಲೇ ಸರ್ವರ್ ಸತ್ತಿದೆ!

ಮರುದಿನ ಮೇಜಿನ ದೀಪವನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸಿ, ಬ್ಯಾಕಪ್ ಶುರು ಮಾಡಿ, ಗೋಡೆಯ ಸ್ವಿಚ್ ಆರಿಸಿದೆ. ಟಕ್ ಎಂದು ಯುಪಿಎಸ್ ಒಳಗೆ ರಿಲೇ, ಅಂದರೆ ಲೈನಿನಿಂದ ಬ್ಯಾಟರಿಗೆ ಹೊರಳಿಸುವ ಸ್ವಿಚ್, ಬಡಿಯಿತು. ದೀಪ ಮಿಣುಕಲಿಲ್ಲ. ಸರ್ವರ್‌ನ ಫ್ಯಾನ್ ಮಾತ್ರ ನಿಟ್ಟುಸಿರಿಟ್ಟು ನಿಂತಿತು. ಬ್ಯಾಕಪ್ ನಿಲ್ಲಿಸಿ ಅದನ್ನೇ ಮಾಡಿದರೆ ಏನೂ ಆಗಲಿಲ್ಲ.

ಈ ಬಗೆಯ ಯುಪಿಎಸ್ ಲೈನಿನಿಂದ ಬ್ಯಾಟರಿಗೆ ಹೊರಳಲು ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ಕೂಡಿಟ್ಟದ್ದರಿಂದಲೇ ಮನೆ ನಡೆಸಬೇಕು. ಆರೋಗ್ಯವಾಗಿರುವ ಎಸ್‌ಎಂಪಿಎಸ್‌ಗೆ 16 ಮಿಲಿಸೆಕೆಂಡಿನ ಆಸುಪಾಸು ತಡೆದುಕೊಳ್ಳುವುದು ಲೆಕ್ಕಕ್ಕಿಲ್ಲ. ಆದರೆ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ಕೆಪಾಸಿಟರ್ ಒಣಗುತ್ತಾ ಬರುತ್ತದೆ, ಅದರ ಉಳಿತಾಯ ಕರಗುತ್ತದೆ. ಲೋಡ್ ಕಡಿಮೆ ಇದ್ದಾಗ ಹೇಗೋ ತೂಗಿಸುತ್ತದೆ. ನಾಲ್ಕೂ ಡಿಸ್ಕ್ ಒಟ್ಟಿಗೆ ದುಡಿಯುವ ಬ್ಯಾಕಪ್ ಹೊತ್ತಿನಲ್ಲಿ ಕೈಚೆಲ್ಲುತ್ತದೆ. ಹಗಲು ಸಾಧು, ರಾತ್ರಿ ಸಾವು ಏಕೆಂದು ಆಗ ತಿಳಿಯಿತು. ಯುಪಿಎಸ್ ಬರುವ ಮುಂಚೆ ಲೈನಿನಲ್ಲೇ ಆಗುತ್ತಿದ್ದ, ಕಣ್ಣಿಗೆ ಕಾಣದ ಕುಸಿತಗಳೂ ಇದೇ ಕೆಲಸ ಮಾಡುತ್ತಿದ್ದಿರಬೇಕು.

ಹೊರಳುವ ಹೊತ್ತೇ ಇಲ್ಲದ ಆನ್‌ಲೈನ್ ಯುಪಿಎಸ್ ಕೊಳ್ಳಬಹುದಿತ್ತು. ಅದರ ಬೆಲೆಯೂ ಹೆಚ್ಚು, ಫ್ಯಾನಿನ ಸದ್ದೂ ಹೆಚ್ಚು, ನನ್ನ ಸರ್ವರ್ ಇರುವುದು ನಾನು ಓದುವ ಮೇಜಿನ ಕೆಳಗೆ.

ಹೊಸ ಎಸ್‌ಎಂಪಿಎಸ್ ಬಗ್ಗೆ ಹೇಳುವಂಥದ್ದು ಕಡಿಮೆ. ಹಳೆಯದರಷ್ಟೇ ವ್ಯಾಟ್ ಇರುವುದನ್ನು ತಂದೆ. ಜೋಡಿಸಲು ಒಂದು ಗಂಟೆ, ಅದರಲ್ಲಿ ಮುಕ್ಕಾಲು ಪಾಲು ಧೂಳು ಒರೆಸಲು ಹೋಯಿತು. ಎಚ್ಚರಿಕೆ ಒಂದೇ: ಹಳೆಯದನ್ನು ಕುತೂಹಲಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್ ಕೆಲ ಹೊತ್ತು ಮುನ್ನೂರಕ್ಕೂ ಹೆಚ್ಚು ವೋಲ್ಟ್ ಹಿಡಿದಿಟ್ಟಿರಬಹುದು. ಇನ್ನೊಂದು ಮಾತು, ಕೇಬಲ್ ಬಿಚ್ಚಿ ಸಿಕ್ಕಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯ ಕೇಬಲ್‌ಗಳನ್ನೇ ಹೊಸದಕ್ಕೆ ಸಿಕ್ಕಿಸುವ ಸೋಮಾರಿತನ ಬೇಡ. ಕನೆಕ್ಟರ್ ಹೊಂದಿಕೊಂಡರೂ ಒಳಗಿನ ಪಿನ್ ಜೋಡಣೆ ಬೇರೆ ಇದ್ದರೆ ಡಿಸ್ಕ್‌ಗಳು ಸುಟ್ಟುಹೋಗಬಹುದು.

ನನ್ನಂತೆ ಹಳೆಯ ಡೆಸ್ಕ್‌ಟಾಪನ್ನೇ ಹಗಲಿರುಳು ಓಡಿಸುವವರು, ಕೈಯಲ್ಲಿರುವ ದುಡ್ಡು ಒಂದೇ ವಸ್ತುವಿಗೆ ಸಾಲುವಂತಿದ್ದು ಡಿಸ್ಕಿನ ಎಣಿಕೆ ಏರುತ್ತಿದ್ದರೆ, ಎಸ್‌ಎಂಪಿಎಸ್ ಕೊಳ್ಳಿ. ಯುಪಿಎಸ್ ಮುಂದಿನ ತಿಂಗಳಿಗಾಗಲಿ. ಎಣಿಕೆ ಏರದೆಯೇ ಸರ್ವರ್ ಬೀಳುತ್ತಿದ್ದರೆ ಆಗ ಮೆಮ್‌ಟೆಸ್ಟ್, ತಪ್ಪು ಕಂಡರೆ ಮಾತ್ರ ರ‍್ಯಾಮ್. ನನ್ನ ಯುಪಿಎಸ್ ಹಿಂದಿರುಗಲಿಲ್ಲ, ಮೇಜಿನ ಕೆಳಗೇ ಇದೆ. ಹೊಸ ರ‍್ಯಾಮ್ ಕೂಡ ಇದೆ, ಅದರ ಮುಖ ನೋಡಿದಾಗಲೆಲ್ಲ ಸ್ವಲ್ಪ ಸಿಟ್ಟು ಬರುತ್ತದೆ.

ಹೊಸದನ್ನು ಹಾಕಿದ ದಿನ ಬ್ಯಾಕಪ್ ನಡೆಯುತ್ತಿರುವಾಗಲೇ ಗೋಡೆಯ ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿದೆ. ಹತ್ತೂ ಸಲ ರಿಲೇ ಟಕ್ ಎಂದಿತು, ಫ್ಯಾನ್ ತಿರುಗುತ್ತಲೇ ಇತ್ತು. ಡಿಸ್ಕಿನ ಎಣಿಕೆ ಅಂದಿನಿಂದ 231ರಲ್ಲೇ ನಿಂತಿದೆ.