ಸೂಪರ್ ಓವರ್ ಸಮಯದಲ್ಲಿ ನಾನು ನಿದ್ದೆ ಮಾಡಿದ್ದೆನಂತೆ: ಫಿಟ್‌ನೆಸ್ ಬ್ಯಾಂಡ್, ವರ್ಷ ದಾಟಿದ ಮೇಲೆ

ಡಿಸ್‌ಪ್ಲೇ, ವಾಟರ್‌ಪ್ರೂಫ್, ನೂರೆಂಟು ಸ್ಪೋರ್ಟ್ಸ್ ಮೋಡ್ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಮೂರು ಸಾವಿರದೊಳಗಿನ ಈ ಬ್ಯಾಂಡನ್ನು ನಾನು ಕೊಂಡಿದ್ದು ನಿದ್ದೆ ನೋಡಿಕೊಳ್ಳೋಣ ಅಂತ. ಭಾನುವಾರ ಲಾಲ್‌ಬಾಗ್‌ನಲ್ಲಿ ದೂರ ಓಡಿದರೆ ಮಂಗಳವಾರದವರೆಗೂ ಮೀನಖಂಡ ಬಿಗಿದುಕೊಂಡೇ ಇರುತ್ತಿತ್ತು, ನಿದ್ದೆ ಸಾಲುತ್ತಿಲ್ಲವೇನೋ ಅಂತ ಅನುಮಾನ.

ಮೊದಲು ಸಿಟ್ಟಿನ ವಿಷಯ. ಸೋಫಾದಲ್ಲಿ ಅಲ್ಲಾಡದೆ ಕೂತು ಮ್ಯಾಚ್ ನೋಡಿದರೆ ಇದು ‘ಹಗುರ ನಿದ್ದೆ’ ಅಂತ ಬರೆದುಕೊಳ್ಳುತ್ತದೆ. ಮಧ್ಯಾಹ್ನ ಊಟ ಮಾಡಿ ನಿಜಕ್ಕೂ ನಿದ್ದೆ ಹೊಡೆದರೆ ಲೆಕ್ಕಕ್ಕೇ ಇಲ್ಲ! ಗಾಢ ನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಅಂತ ಸರಿಯಾಗಿ ತಿಳಿಯಲು ಸ್ಲೀಪ್ ಲ್ಯಾಬ್‌ನಲ್ಲಿ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡಬೇಕು. ಇದಕ್ಕೆ ಸಿಗುವುದು ಹಸಿರು ದೀಪದಲ್ಲಿ ಕಂಡ ನಾಡಿ, ಕೈಯ ಅಲುಗಾಟ, ಅಷ್ಟೇ. ಉಳಿದದ್ದು ಅಂದಾಜು. ಬೆಳಿಗ್ಗೆ ಮೈ ಹಗುರಾಗಿ ಎದ್ದಿರುತ್ತೇನೆ, ಆ್ಯಪ್ ತೆರೆದರೆ ಸ್ಕೋರ್ 61, ಅಲ್ಲಿಗೆ ಓಡುವ ಮನಸ್ಸೇ ಹೋಯಿತು. ದುಡ್ಡು ಕೊಟ್ಟು ಬೈಸಿಕೊಂಡಂತೆ ಅಲ್ವಾ? ಈಗ ಆ ಸ್ಕೋರ್ ಕಡೆ ನೋಡುವುದೇ ಇಲ್ಲ.

ಆದರೂ ಬಿಚ್ಚಿಟ್ಟಿಲ್ಲ. ಯಾಕೆಂದರೆ ರಾತ್ರಿಯ ನಾಡಿಬಡಿತದ ಗ್ರಾಫ್. ನನ್ನದು 56ರ ಆಸುಪಾಸು. ರಿಸೆಪ್ಷನ್ ಊಟ ಮುಗಿಸಿ ತಡವಾಗಿ ಮಲಗಿದ ರಾತ್ರಿ 62, 63. ಮಾರನೇ ದಿನ ಅದೇ ರಸ್ತೆ, ಅದೇ ವೇಗ, ಏದುಸಿರು. ಸಂಜೆ ಆರರ ಫಿಲ್ಟರ್ ಕಾಫಿ ನಾಲ್ಕಕ್ಕೆ ಬಂದಿದ್ದೂ ಹೀಗೇ. ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಹೆಚ್ಚುಕಡಿಮೆ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ನಿದ್ದೆ ಬಂದರೂ ತೆಳುವಾಗುತ್ತದೆ. ಬೆಳವಣಿಗೆಯ ಹಾರ್ಮೋನು ಜಾಸ್ತಿ ಹೊರಬರುವುದೋ ಮಲಗಿದ ಮೊದಲ ಒಂದೆರಡು ಗಂಟೆಯ ಗಾಢ ನಿದ್ದೆಯಲ್ಲಿ, ಓಡಿ ಸವೆದ ಸ್ನಾಯುವಿನ ರಿಪೇರಿಗೆ ಅದೂ ಬೇಕು. ಪ್ರೋಟೀನ್ ಡಬ್ಬಕ್ಕೆ ಸುರಿಯುವ ದುಡ್ಡು ನೋಡಿದರೆ ನಿದ್ದೆ ಪುಕ್ಕಟೆ.

ಹತ್ತಕ್ಕೆ ಬ್ಯಾಂಡ್ ಮೆಲ್ಲಗೆ ನಡುಗುತ್ತದೆ. ಹಾಲಿಗೆ ಹೆಪ್ಪು ಹಾಕಿ, ಫೋನನ್ನು ಅಡುಗೆಮನೆಯಲ್ಲೇ ಚಾರ್ಜಿಗಿಟ್ಟು, ಬೆವರಿನ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣಿಕಟ್ಟಿನಿಂದ ಒಂದು ಬೆರಳು ಮೇಲೆ ಕಟ್ಟಿಕೊಳ್ಳುತ್ತೇನೆ. ಒರೆಸದಿದ್ದರೆ ತುರಿಕೆ ಗ್ಯಾರಂಟಿ. ಮೀನಖಂಡ ಈಗ ಸೋಮವಾರ ಸಂಜೆಗೇ ಸಡಿಲ.

ಉಂಗುರದ ಟ್ರ್ಯಾಕರ್ ತಗೊಳ್ಳಿ ಅಂತ ಗೆಳೆಯರ ಒತ್ತಾಯ. ಅಷ್ಟು ದುಡ್ಡಿದ್ದರೆ ನಾನು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸುತ್ತೇನೆ, ಬೀದಿದೀಪ ನೇರ ಮುಖಕ್ಕೇ ಬೀಳುತ್ತದೆ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇರುವವರು ಮಾತ್ರ ಯಾವ ಬ್ಯಾಂಡನ್ನೂ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.